ಪಹಣಿಯ ಹಿಂದಿನ ಮೂರಂಕಣದ ಮನೆ

"ಸರ್ವರ್ ಇಲ್ಲ, ನಾಳೆ ಬನ್ನಿ."

ನಾಡಕಚೇರಿ, ರೇಷನ್ ಅಂಗಡಿ, ಸಬ್ ರಿಜಿಸ್ಟ್ರಾರ್ ಆಫೀಸು, ಎಲ್ಲಿಗೆ ಹೋದರೂ ಈ ಮಾತು ಕೇಳದ ಹಳ್ಳಿಯವರಿಲ್ಲ. ಮಳೆ ಬರಲಿಲ್ಲ ಅನ್ನುವುದನ್ನು ಒಪ್ಪಿಕೊಂಡ ಹಾಗೆ ಇದನ್ನೂ ಒಪ್ಪಿಕೊಂಡು ವಾಪಸ್ ಬಸ್ ಹತ್ತುತ್ತೇವೆ. ಆದರೆ ಸರ್ವರ್ ಅಂದರೆ ಏನು, ಅದು ಯಾವ ಊರಲ್ಲಿದೆ, "ಇಲ್ಲ" ಅಂದಾಗ ನಿಜಕ್ಕೂ ಇಲ್ಲವಾದದ್ದು ಯಾವುದು? ಕಿಟಕಿಯ ಆಚೆ ಕೂತಿರುವ ಆಪರೇಟರ್ ಹುಡುಗನಿಗೂ ಬಹಳ ಸಲ ಗೊತ್ತಿರುವುದಿಲ್ಲ. ಪಾಪ, ಅವನ ಕೈಯಲ್ಲಿರುವುದು ಮನೆಯ ಜಗಲಿ ಮಾತ್ರ.

ಜಗಲಿ ಅಂದದ್ದು ಬೇಕೆಂದೇ. ಇವತ್ತು ಸರ್ಕಾರದ್ದಾಗಲಿ, ಬ್ಯಾಂಕಿನದ್ದಾಗಲಿ, ದೊಡ್ಡ ಸಾಫ್ಟ್‌ವೇರ್ ಅಂದರೆ ಹೆಚ್ಚುಕಡಿಮೆ ಮೂರಂಕಣದ ಮನೆ. ಮುಂದೆ ಜಗಲಿ: ನಾವು ನೋಡುವ ಪರದೆ, ಒತ್ತುವ ಬಟನ್ನು. ನಡುವೆ ನಡುಮನೆ: ಯಾರಿಗೆ ಏನು ಕೊಡಬಹುದು, ಯಾವ ಅರ್ಜಿ ಮೊದಲು, ಯಾವುದಕ್ಕೆ ಯಾರ ಒಪ್ಪಿಗೆ ಬೇಕು ಅಂತ ತೀರ್ಮಾನ ಆಗುವ ಜಾಗ. ಒಳಗೆ ಕಣಜ: ದಾಖಲೆಗಳನ್ನು ತುಂಬಿಟ್ಟ ಕೋಣೆ. ಎಂಜಿನಿಯರುಗಳು ಇದನ್ನು ತ್ರೀ ಟಿಯರ್ ಅನ್ನುತ್ತಾರೆ. ಜಗಲಿಯಲ್ಲಿ ನಿಂತವರು ಸೀದಾ ಕಣಜಕ್ಕೆ ಕೈ ಹಾಕುವಂತಿಲ್ಲ, ನಡುಮನೆಯವರನ್ನು ಕೇಳಿಯೇ ಕಾಳು ಹೊರಗೆ ಬರಬೇಕು. ಇಷ್ಟೇ ನಿಯಮ.

ಈ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಅಂಕಣ ಅಂಕಣವಾಗಿ ಬೆಳೆಯಿತು. ಅದರ ಕತೆಯನ್ನು ನಮ್ಮ ಕೈಯಲ್ಲಿರುವ ಪಹಣಿಯ ಮೂಲಕವೇ ಹೇಳಬಹುದು. ಕರ್ನಾಟಕದ ಪಹಣಿ ಈ ದಾರಿಯನ್ನು ಪೂರ್ತಿ ನಡೆದು ಬಂದಿದೆ.

ಒಬ್ಬನೇ ಮನುಷ್ಯ, ಒಂದೇ ಪೆಟ್ಟಿಗೆ

ಮೊದಲು ಶಾನುಭೋಗರ ಕಾಲ. ಊರಿನ ಜಮೀನಿನ ಲೆಕ್ಕ ಅವರ ಕಡತದಲ್ಲಿ, ಕಡತ ಅವರ ಮನೆಯಲ್ಲಿ. ನೀವು ಹೋಗಿ ಕೇಳುವುದು ಅವರನ್ನೇ, ಕೊಡಬೇಕೋ ಬೇಡವೋ ಅಂತ ನಿರ್ಧರಿಸುವವರು ಅವರೇ, ಪೆಟ್ಟಿಗೆಯ ಬೀಗದ ಕೈ ಇರುವುದೂ ಅವರ ಬಳಿಯೇ. ಜಗಲಿ, ನಡುಮನೆ, ಕಣಜ ಮೂರೂ ಒಬ್ಬ ಮನುಷ್ಯನೊಳಗೆ.

ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಬಂತು, 1963ರಲ್ಲಿ ಜಾರಿಯಾಯಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮನುಷ್ಯ ಬದಲಾದ, ಏರ್ಪಾಡು ಬದಲಾಗಲಿಲ್ಲ. 3–4 ಊರಿನ ಪಹಣಿ ಪುಸ್ತಕ ಒಬ್ಬ ಲೆಕ್ಕಿಗರ ಚೀಲದಲ್ಲಿ. ಸಾಲಕ್ಕೆ ಪಹಣಿ ಬೇಕಾದರೆ ಅವರು ಎಲ್ಲಿ ಸಿಗುತ್ತಾರೆ ಅಂತ ಹುಡುಕಬೇಕು. ಸಿಕ್ಕರೆ "ಚಹಾ ಖರ್ಚು". ಅಪ್ಪ ತೀರಿಕೊಂಡು ಖಾತೆ ಬದಲಾಯಿಸಬೇಕಾದರೆ ಚಹಾದ ಜೊತೆ ಊಟದ ಖರ್ಚೂ ಸೇರುತ್ತಿತ್ತು. ಯಾರದೋ ಹೊಲದ ಮುಂದೆ ಇನ್ಯಾರದೋ ಹೆಸರು ಸೇರಿಕೊಂಡರೂ ಪುಸ್ತಕ ತೆರೆದು ನೋಡಿದವರಿಗೆ ಮಾತ್ರ ಗೊತ್ತು.

ಎಲ್ಲ ಲೆಕ್ಕಿಗರೂ ಹೀಗಿದ್ದರು ಅಂತ ಖಂಡಿತ ಅಲ್ಲ. ಮಳೆಯಲ್ಲಿ ಕಡತವನ್ನು ಎದೆಗೆ ಅವಚಿಕೊಂಡು ಕಾಪಾಡಿದವರೂ ಇದ್ದರು. ತೊಂದರೆ ಇದ್ದದ್ದು ಏರ್ಪಾಡಿನಲ್ಲಿ. ಕೇಳುವ ಜಾಗ, ತೀರ್ಮಾನಿಸುವ ಜಾಗ, ಇಡುವ ಜಾಗ ಒಂದೇ ಆದಾಗ ಮೂರನೆಯವರು ನೋಡಲು ಕಿಟಕಿಯೇ ಇರುವುದಿಲ್ಲ.

ವಿಮಾನದ ಸೀಟಿನಿಂದ ಶುರು

ಇದೇ ಸಮಸ್ಯೆ ಅಮೆರಿಕದಲ್ಲೂ ಇತ್ತು ಅಂದರೆ ನಗು ಬರಬಹುದು. ಅಲ್ಲಿ ಅದು ಹೊಲದ ವಿಷಯವಲ್ಲ, ವಿಮಾನದ ಸೀಟಿನ ವಿಷಯ. 1950ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಸೀಟು ಕಾಯ್ದಿರಿಸುತ್ತಿದ್ದದ್ದು ಕಾರ್ಡುಗಳ ಮೇಲೆ. ತಿರುಗುವ ಒಂದು ಮೇಜು, ಅದರ ಮೇಲೆ ಒಂದೊಂದು ವಿಮಾನಕ್ಕೂ ಕಾರ್ಡು, ಸುತ್ತ 8 ಜನ ಕೂತು ಹುಡುಕಿ ಗುರುತು ಹಾಕಬೇಕು. ಒಂದು ಸೀಟು ಗಟ್ಟಿಯಾಗಲು ಸರಾಸರಿ ಒಂದೂವರೆ ಗಂಟೆ. ಮೇಜಿನ ಸುತ್ತ ಇನ್ನಷ್ಟು ಜನರನ್ನು ಕೂರಿಸೋಣ ಅಂದರೆ ಜಾಗವಿಲ್ಲ.

1953ರಲ್ಲಿ ಆ ಕಂಪನಿಯ ಅಧ್ಯಕ್ಷ ಸಿ. ಆರ್. ಸ್ಮಿತ್ ಮತ್ತು ಐಬಿಎಂ ಕಂಪನಿಯ ಬ್ಲೇರ್ ಸ್ಮಿತ್ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತರು. ಇಬ್ಬರದ್ದೂ ಒಂದೇ ಅಡ್ಡಹೆಸರು ಅಂತ ಮಾತು ಶುರುವಾಯಿತಂತೆ. ಆ ಮಾತು ಬೆಳೆದು 'ಸೇಬರ್' ಎಂಬ ಕಂಪ್ಯೂಟರ್ ವ್ಯವಸ್ಥೆಯಾಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರಯರ್‌ಕ್ಲಿಫ್ ಮ್ಯಾನರ್ ಊರಿನಲ್ಲಿ ಐಬಿಎಂ 7090 ಎಂಬ 2 ದೈತ್ಯ ಯಂತ್ರಗಳು ಕೆಲಸ ಆರಂಭಿಸಿದವು. ದೇಶದ ಊರೂರಿನ ಟಿಕೆಟ್ ಕೌಂಟರುಗಳು ಟೆಲಿಫೋನ್ ತಂತಿಯ ಮೂಲಕ ಅದಕ್ಕೆ ಸೇರಿಕೊಂಡವು.

ಮನೆಯ ಲೆಕ್ಕದಲ್ಲಿ ನೋಡಿದರೆ ಇದು ಒಂದೇ ದೊಡ್ಡ ಕೋಣೆ. ನಿಯಮವೂ ಅಲ್ಲೇ, ದಾಖಲೆಯೂ ಅಲ್ಲೇ. ಕೌಂಟರಿನಲ್ಲಿದ್ದ ಟರ್ಮಿನಲ್ಲಿಗೆ ಸ್ವಂತ ಬುದ್ಧಿ ಇಲ್ಲ. ಒತ್ತಿದ್ದನ್ನು ಕಳಿಸುತ್ತದೆ, ಬಂದದ್ದನ್ನು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅದನ್ನು 'ಮೂಕ' ಟರ್ಮಿನಲ್ ಅಂತಲೇ ಕರೆಯುತ್ತಿದ್ದರು. ಆದರೂ ಒಂದು ಹೊಸದು ಆಗಿತ್ತು. ಕೇಳುವ ಜಾಗ ಮತ್ತು ಇಡುವ ಜಾಗದ ನಡುವೆ ನೂರಾರು ಮೈಲಿ ದೂರ ಬಂದಿತ್ತು.

ಕಣಜವನ್ನು ಬೇರೆ ಮಾಡಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಐಬಿಎಂಗೆ ಕೆಲಸ ಮಾಡುತ್ತಿದ್ದ ಗಣಿತಜ್ಞ. 1970ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಸರಳ: ದಾಖಲೆ ಯಂತ್ರದೊಳಗೆ ಯಾವ ಮೂಲೆಯಲ್ಲಿ, ಯಾವ ಕ್ರಮದಲ್ಲಿ ಕೂತಿದೆ ಅನ್ನುವುದು ಬಳಸುವವರಿಗೆ ಗೊತ್ತಿರಬೇಕಾಗಿಲ್ಲ. ಎಲ್ಲವನ್ನೂ ಸಾಲು, ಕಾಲಂ ಇರುವ ಕೋಷ್ಟಕಗಳಾಗಿ ನೋಡೋಣ. ಬೇಕಾದ್ದನ್ನು ಕೇಳುವುದು ನಮ್ಮ ಕೆಲಸ, ಹುಡುಕಿ ತರುವುದು ಯಂತ್ರದ ಕೆಲಸ. ಅಲ್ಲಿಯವರೆಗೆ ದಾಖಲೆಯ ಜೋಡಣೆ ಸ್ವಲ್ಪ ಬದಲಾದರೆ ಅದನ್ನು ಓದುವ ಪ್ರೋಗ್ರಾಮನ್ನೂ ಮತ್ತೆ ಬರೆಯಬೇಕಾಗುತ್ತಿತ್ತು. ಕಾಡ್ ಅವರ ದಾರಿಯಲ್ಲಿ ಬೆಳೆದದ್ದೇ ಇವತ್ತಿನ ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಮುಂತಾದ ಡೇಟಾಬೇಸುಗಳು. ಪಹಣಿಯೂ ಸಾಲು ಕಾಲಂಗಳ ಕೋಷ್ಟಕವೇ ಆದ್ದರಿಂದ ನಮಗೆ ಇದು ಹೊಸ ವಿಚಾರ ಅನ್ನಿಸುವುದಿಲ್ಲ. ಆದರೆ ಕಂಪ್ಯೂಟರ್ ಲೋಕದಲ್ಲಿ ಇದನ್ನು ಒಪ್ಪಿಸಲು ಅವರು ತಮ್ಮ ಕಂಪನಿಯವರ ಜೊತೆಗೇ ವರ್ಷಗಟ್ಟಲೆ ಜಗ್ಗಾಡಬೇಕಾಯಿತು.

ಎರಡಂಕಣ

1981ರಲ್ಲಿ ಐಬಿಎಂ ಪಿಸಿ ಬಂತು. ಮೇಜಿನ ಮೇಲೆ ಕೂರುವ ಕಂಪ್ಯೂಟರಿಗೆ ಸ್ವಂತ ಬುದ್ಧಿ ಬಂತು. ಹಾಗಾದರೆ ಎಲ್ಲ ಕೆಲಸವನ್ನೂ ದೂರದ ದೈತ್ಯ ಯಂತ್ರವೇ ಯಾಕೆ ಮಾಡಬೇಕು? ದಾಖಲೆ ಒಂದು ಸರ್ವರಿನಲ್ಲಿರಲಿ, ಪರದೆಯೂ ನಿಯಮಗಳೂ ಮೇಜಿನ ಕಂಪ್ಯೂಟರಿನಲ್ಲಿರಲಿ ಅನ್ನುವ ಹಂಚಿಕೆ ಬಂತು. ಇದೇ ಕ್ಲೈಂಟ್–ಸರ್ವರ್, ಎರಡಂಕಣದ ಮನೆ. ಜಗಲಿ ಮತ್ತು ನಡುಮನೆಗೆ ಒಂದೇ ಗೋಡೆ, ಕಣಜ ಮಾತ್ರ ಬೇರೆ.

ನಮ್ಮ ಪಹಣಿ ಕಂಪ್ಯೂಟರಿಗೆ ಬಂದದ್ದು ಈ ಕಾಲದಲ್ಲಿ. ಆದರೆ ಮೊದಲ ಪ್ರಯತ್ನ ಎಡವಿತು. 1988–89ರಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ ದೇಶದ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತಂದಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ. 1990ರ ದಶಕದಲ್ಲಿ ಉಳಿದ ಜಿಲ್ಲೆಗಳಿಗೂ ಹಣ ಬಂತು. ದಾಖಲೆಗಳನ್ನು ಟೈಪು ಮಾಡಿದ್ದೂ ಆಯಿತು. ಆದರೆ ಕಂಪ್ಯೂಟರ್ ಇಟ್ಟದ್ದು ಜಿಲ್ಲಾ ಕೇಂದ್ರದಲ್ಲಿ, ಪಹಣಿ ದಿನದಿನ ಬದಲಾಗುತ್ತಿದ್ದದ್ದು ತಾಲೂಕಿನಲ್ಲಿ. ಇಲ್ಲಿ ಪುಸ್ತಕದಲ್ಲಿ ಹೆಸರು ಬದಲಾದದ್ದು ಅಲ್ಲಿಯ ಕಂಪ್ಯೂಟರಿಗೆ ಗೊತ್ತೇ ಆಗಲಿಲ್ಲ. ಟೈಪು ಮಾಡಿ ಮುಗಿಸುವ ಹೊತ್ತಿಗೆ ದಾಖಲೆ ಹಳಸಿತ್ತು. ಕಣಜವನ್ನು ಗದ್ದೆಯಿಂದ 100 ಕಿ.ಮೀ. ದೂರ ಕಟ್ಟಿ ದಾರಿ ಮಾಡದೆ ಬಿಟ್ಟ ಹಾಗೆ.

ಎರಡನೆಯ ಪ್ರಯತ್ನವೇ 'ಭೂಮಿ'. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹಿಂದೆ ನಿಂತರು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕ ಸಾಫ್ಟ್‌ವೇರ್ ಬರೆಯಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. 2002ರ ಹೊತ್ತಿಗೆ ಆಗಿದ್ದ 170ಕ್ಕೂ ಹೆಚ್ಚು ತಾಲೂಕುಗಳಲ್ಲೂ ಭೂಮಿ ಕೇಂದ್ರ ತೆರೆದಿತ್ತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ.

ಚಾವ್ಲಾ ತಂಡ ಮಾಡಿದ ಮುಖ್ಯ ಕೆಲಸ ಕಂಪ್ಯೂಟರ್ ತಂದದ್ದಲ್ಲ ಅಂತ ನನಗನ್ನಿಸುತ್ತದೆ. ಗುಲ್ಬರ್ಗದ ಪ್ರಯೋಗದಲ್ಲೂ ಕಂಪ್ಯೂಟರ್ ಇತ್ತು. ಈ ಸಲ ಮಾಡಿದ್ದು 2 ಗಟ್ಟಿ ತೀರ್ಮಾನ. ಒಂದು, ಕಂಪ್ಯೂಟರನ್ನು ದಾಖಲೆ ಬದಲಾಗುವ ತಾಲೂಕಿಗೇ ತಂದರು. ಇನ್ನೊಂದು, ಒಂದು ತಾಲೂಕಿನಲ್ಲಿ ಭೂಮಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತ ಆದೇಶ ಹೊರಡಿಸಿದರು. 2 ಪುಸ್ತಕ ಉಳಿದರೆ ಜನ ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ. ಹಳೆಯ ಪುಸ್ತಕ ಮುಚ್ಚಿದ ಮೇಲೆ ಎಲ್ಲರೂ ಹೊಸ ಕಿಟಕಿಗೇ ಬರಬೇಕಾಯಿತು.

ನಿಯಮವೂ ಸಾಫ್ಟ್‌ವೇರ್ ಒಳಗೆ ಸೇರಿತು. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ನಂಬರ್ ಬೀಳುತ್ತದೆ. ಮೊದಲು ಬಂದವರದ್ದು ಮೊದಲು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತುವ ಹಾಗಿಲ್ಲ. ನೋಟಿಸಿನ ಅವಧಿ ಮುಗಿಯಬೇಕು, ತಕರಾರು ಇಲ್ಲದಿದ್ದರೆ ಕಂದಾಯ ನಿರೀಕ್ಷಕರು ಒಪ್ಪಬೇಕು, ಆ ಆದೇಶ ಸ್ಕ್ಯಾನ್ ಆಗಬೇಕು, ಆಮೇಲೆ ಪಹಣಿ ಬದಲು. ದಾಖಲೆ ಮುಟ್ಟುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಕದ್ದರು ಅನ್ನುವ ನೆಪಕ್ಕೆ ಜಾಗವಿಲ್ಲ. ಆಧಾರ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ, ಹೆಬ್ಬೆಟ್ಟು ಒತ್ತುವ ಸರದಿ ಅಧಿಕಾರಿಗಳಿಗೆ ಬಂದಿತ್ತು.

ಹೀಗಿದ್ದರೂ ಅದು ತಾಲೂಕಿಗೊಂದು ಮನೆ. ಪ್ರತಿ ತಾಲೂಕು ಕಚೇರಿಯಲ್ಲೂ ಅದರದ್ದೇ ಸರ್ವರ್, ಅದರದ್ದೇ ಡೇಟಾಬೇಸ್. ಆಗಿನ ಫೋನ್ ಲೈನು, ಕರೆಂಟು ನೆನಪಿಸಿಕೊಂಡರೆ ಬೇರೆ ದಾರಿಯೇ ಇರಲಿಲ್ಲ. ಬೆಂಗಳೂರಿಗೆ ತಂತಿ ಎಳೆದು ಪಹಣಿ ತರಿಸುತ್ತೇವೆ ಅಂದಿದ್ದರೆ ಮೊದಲ ಗಾಳಿಮಳೆಗೇ ಕಿಟಕಿ ಮುಚ್ಚುತ್ತಿತ್ತು. ಆಗಿನ ಮಟ್ಟಿಗೆ ಅದು ಸರಿಯಾದ ಮನೆ.

ನಡುಮನೆ ಯಾಕೆ ಬೇಕಾಯಿತು

ಎರಡಂಕಣದ ಮನೆಯ ತೊಂದರೆ ಮನೆಗಳ ಸಂಖ್ಯೆ ಹೆಚ್ಚಾದಾಗ ಗೊತ್ತಾಗುತ್ತದೆ. ನಿಯಮ ಮೇಜಿನ ಕಂಪ್ಯೂಟರಿನಲ್ಲಿದ್ದರೆ, ಒಂದು ನಿಯಮ ಬದಲಾದಾಗ ಪ್ರತಿ ಮೇಜಿಗೂ ಹೋಗಿ ಹೊಸ ಸಾಫ್ಟ್‌ವೇರ್ ಹಾಕಬೇಕು. ಒಂದು ಮೇಜು ಬಿಟ್ಟುಹೋದರೆ ಅಲ್ಲಿ ಹಳೆಯ ಕಾನೂನೇ ನಡೆಯುತ್ತಿರುತ್ತದೆ. ಜೊತೆಗೆ ಪ್ರತಿಯೊಂದು ಮೇಜೂ ಸೀದಾ ಕಣಜಕ್ಕೆ ಪೈಪು ಹಾಕಿಕೊಂಡಿರುತ್ತದೆ. 50 ಜನಕ್ಕೆ ತಡೆಯುವ ಡೇಟಾಬೇಸು 5000 ಜನ ಒಟ್ಟಿಗೆ ಬಂದರೆ ಕುಸಿಯುತ್ತದೆ.

1990ರ ದಶಕದ ಆರಂಭದಲ್ಲಿ ಅಮೆರಿಕದ ಕಂಪನಿಗಳೆಲ್ಲ ಈ ತಲೆನೋವಿನಲ್ಲಿದ್ದವು. ನಿಯಮಗಳನ್ನು ಮೇಜಿನಿಂದ ಕಿತ್ತು ನಡುವೆ ಬೇರೆಯೇ ಯಂತ್ರದಲ್ಲಿ ಇಡಿ ಅನ್ನುವ ಸಲಹೆಯನ್ನು ಮೂರಂಕಣ ಎಂಬ ಹೆಸರಿನಲ್ಲಿ ಹರಡಿದವರಲ್ಲಿ ಜಾನ್ ಡೊನೊವನ್ ಮುಖ್ಯರು. ಮೊದಲು ಎಂಐಟಿಯಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ಕೇಂಬ್ರಿಜ್ ಊರಿನಲ್ಲಿ 'ಓಪನ್ ಎನ್ವಿರಾನ್‌ಮೆಂಟ್' ಎಂಬ ಕಂಪನಿ ನಡೆಸಿದರು. ಕಲ್ಪನೆ ಪೂರ್ತಿ ಹೊಸದೇನಲ್ಲ. ಕೌಂಟರುಗಳಿಂದ ನುಗ್ಗಿ ಬರುವ ಕೋರಿಕೆಗಳನ್ನು ಸಾಲಾಗಿ ನಿಲ್ಲಿಸಿ ಒಳಗೆ ಬಿಡುವ ಸಾಫ್ಟ್‌ವೇರುಗಳನ್ನು ದೊಡ್ಡ ಬ್ಯಾಂಕುಗಳೂ ವಿಮಾನ ಕಂಪನಿಗಳೂ 1960ರ ದಶಕದ ಕೊನೆಯಿಂದಲೇ ಬಳಸುತ್ತಿದ್ದವು. ಐಬಿಎಂನ 'ಸಿಐಸಿಎಸ್' ಅಂಥದ್ದೇ. ದೊಡ್ಡವರ ಮನೆಯಲ್ಲಿದ್ದ ನಡುಮನೆ ಈಗ ಎಲ್ಲರ ಮನೆಗೂ ಬಂತು ಅಷ್ಟೆ.

ನಮ್ಮ ರೈಲ್ವೆಯ ಕತೆ ಇಲ್ಲಿ ಹೇಳಲೇಬೇಕು. 1980ರ ದಶಕದ ನಡುವಿನಲ್ಲಿ ದೆಹಲಿಯಿಂದ ಶುರುವಾಗಿ ರಿಸರ್ವೇಶನ್ ಕಂಪ್ಯೂಟರಿಗೆ ಬಂತು. ಆದರೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್, ಹೀಗೆ 5 ಕೇಂದ್ರಗಳಲ್ಲಿ 5 ಬೇರೆ ಕಣಜ. ಒಂದು ಕೇಂದ್ರದ ರೈಲಿನ ಸೀಟು ಇನ್ನೊಂದು ಕೇಂದ್ರಕ್ಕೆ ಕಾಣುತ್ತಿರಲಿಲ್ಲ. ರೈಲ್ವೆಯದ್ದೇ ಸಾಫ್ಟ್‌ವೇರ್ ಸಂಸ್ಥೆ 'ಕ್ರಿಸ್' ಬರೆದ 'ಕನ್ಸರ್ಟ್' 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಓಡಿತು, 1999ರ ಏಪ್ರಿಲ್ ಹೊತ್ತಿಗೆ 5 ಕೇಂದ್ರಗಳೂ ಬೆಸೆದುಕೊಂಡವು. ಕಣಜಗಳನ್ನು ಒಟ್ಟುಗೂಡಿಸಲಿಲ್ಲ. ಕೋರಿಕೆ ಯಾವ ಕೇಂದ್ರಕ್ಕೆ ಸೇರಿದ್ದು ಅಂತ ನೋಡಿ ಅಲ್ಲಿಗೆ ಮುಟ್ಟಿಸುವ ಸಾಫ್ಟ್‌ವೇರನ್ನು ನಡುವೆ ಕೂರಿಸಿದರು. ಯಾವ ಕೌಂಟರಿನಲ್ಲಿ ನಿಂತರೂ ಯಾವ ರೈಲಿಗೂ ಟಿಕೆಟ್ ಅನ್ನುವುದು ಸಾಧ್ಯವಾಯಿತು. 2002ರಲ್ಲಿ ಐಆರ್‌ಸಿಟಿಸಿ ವೆಬ್‌ಸೈಟ್ ಬಂದಾಗ ಹಳೆಯ ಕಣಜವನ್ನು ಒಡೆಯಬೇಕಾಗಲಿಲ್ಲ, ಇನ್ನೊಂದು ಜಗಲಿ ಕಟ್ಟಿದರೆ ಸಾಕಾಯಿತು.

ಬ್ಯಾಂಕಿನಲ್ಲೂ ಹೀಗೇ. "ನಿಮ್ಮ ಖಾತೆ ಇರುವ ಬ್ರಾಂಚಿಗೇ ಹೋಗಿ" ಅನ್ನುವ ಮಾತು ನಿಂತದ್ದು ಬ್ರಾಂಚಿಗೊಂದು ಕಂಪ್ಯೂಟರ್ ಇದ್ದ ಕಾಲ ಮುಗಿದು ಎಲ್ಲ ಖಾತೆಗಳೂ ಒಂದೇ ಕೇಂದ್ರಕ್ಕೆ ಹೋದ ಮೇಲೆ. ಅಂಥ ಸಾಫ್ಟ್‌ವೇರುಗಳಲ್ಲಿ ಹೆಸರು ಮಾಡಿದ 'ಫಿನಾಕಲ್' ಬೆಂಗಳೂರಿನ ಇನ್ಫೋಸಿಸ್‌ನದ್ದು.

ಬಾಗಿಲಿಂದ ಬಾಗಿಲಿಗೆ

ಭೂಮಿಯೂ ಕ್ರಮೇಣ ಅದೇ ದಾರಿ ಹಿಡಿಯಿತು. ತಾಲೂಕಿನ ಸರ್ವರುಗಳಲ್ಲಿದ್ದ ದಾಖಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ತಾಲೂಕು ಕಚೇರಿಯ ಕಂಪ್ಯೂಟರಿನಲ್ಲಿ ಉಳಿದದ್ದು ಬ್ರೌಸರ್, ಅಂದರೆ ಜಗಲಿ. ಪಹಣಿಯನ್ನು ನಾಡಕಚೇರಿಯಲ್ಲೂ ಪಡೆಯಬಹುದು, ಮನೆಯಲ್ಲಿ ಕೂತು 'ಐ–ಆರ್‌ಟಿಸಿ' ಅಂತಲೂ ಇಳಿಸಿಕೊಳ್ಳಬಹುದು. ಜಗಲಿಗಳು ಹಲವು, ಒಳಮನೆ ಒಂದೇ.

ನಡುಮನೆ ಬಂದದ್ದರಿಂದ ಆದ ದೊಡ್ಡ ಲಾಭ ಪಕ್ಕದ ಮನೆಗೆ ಬಾಗಿಲು ತೆರೆದದ್ದು. ನೋಂದಣಿ ಇಲಾಖೆಗೆ 'ಕಾವೇರಿ' ಎಂಬ ಬೇರೆ ಸಾಫ್ಟ್‌ವೇರ್ ಇದೆ. ಮೊದಲು ಜಮೀನು ಮಾರಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಆಗುತ್ತಿತ್ತು. ಆ ಸುದ್ದಿ ಕಾಗದದ ಮೇಲೆ ತಾಲೂಕು ಕಚೇರಿಗೆ ಹೋಗಿ, ಪಹಣಿಯಲ್ಲಿ ಹೆಸರು ಬದಲಾಗಲು ತಿಂಗಳುಗಳು ಹಿಡಿಯುತ್ತಿದ್ದವು. ಆ ನಡುವೆ ಹಳೆಯ ಪಹಣಿ ತೋರಿಸಿ ಅದೇ ಹೊಲವನ್ನು ಇನ್ನೊಬ್ಬರಿಗೆ ಮಾರುವ ಅಥವಾ ಅದರ ಮೇಲೆ ಸಾಲ ಎತ್ತುವ ಕಿಲಾಡಿಗಳು ಇದ್ದರು. ಕೊಂಡವರು ಜೀವಮಾನವಿಡೀ ಕೋರ್ಟಿಗೆ ಅಲೆದದ್ದನ್ನು ನೀವೂ ನೋಡಿರುತ್ತೀರಿ. ಈಗ ನೋಂದಣಿಯ ಹೊತ್ತಿನಲ್ಲೇ ಕಾವೇರಿ ಭೂಮಿಯನ್ನು ಕೇಳುತ್ತದೆ: ಮಾರುವವರ ಹೆಸರಿನಲ್ಲಿ ಈ ಸರ್ವೆ ನಂಬರ್ ಇದೆಯೇ? ನೋಂದಣಿ ಮುಗಿದ ಮೇಲೆ 'ಜೆ ಸ್ಲಿಪ್' ತಾನಾಗಿಯೇ ಭೂಮಿಗೆ ಹೋಗಿ ಖಾತೆ ಬದಲಾವಣೆ ಶುರುವಾಗುತ್ತದೆ. ಜಮೀನಿನ ಒಂದು ಭಾಗ ಮಾತ್ರ ಮಾರುವುದಾದರೆ ಸರ್ವೆ ಇಲಾಖೆಯ 'ಮೋಜಿಣಿ'ಯಿಂದ 11–ಇ ನಕ್ಷೆ ಬೇಕು. 3 ಇಲಾಖೆ, 3 ಸಾಫ್ಟ್‌ವೇರ್. ಒಬ್ಬರ ಕಣಜಕ್ಕೆ ಇನ್ನೊಬ್ಬರು ಕೈ ಹಾಕಬೇಕಿಲ್ಲ, ನಡುಮನೆಗಳು ಒಂದನ್ನೊಂದು ಕೇಳಿಕೊಂಡರೆ ಸಾಕು.

ಮೊದಲ ಪ್ಯಾರಾದ ಪ್ರಶ್ನೆಗೆ ಉತ್ತರವೂ ಇಲ್ಲಿದೆ. "ಸರ್ವರ್ ಇಲ್ಲ" ಅಂದರೆ ದಾಖಲೆ ಕಳೆದುಹೋಯಿತು ಅಂತ ಹೆದರಬೇಕಿಲ್ಲ. ಬಹಳ ಸಲ ಕಣಜ ಸುರಕ್ಷಿತವಾಗಿಯೇ ಇರುತ್ತದೆ. ಕೆಟ್ಟಿರುವುದು ನಿಮ್ಮ ಕಚೇರಿಯಿಂದ ಹೊರಗೆ ಹೋಗುವ ನೆಟ್‌ವರ್ಕ್ ಇರಬಹುದು, ಅಥವಾ ನಡುಮನೆಯಲ್ಲಿ ಜನಜಂಗುಳಿ ಇರಬಹುದು. ಪಕ್ಕದ ತಾಲೂಕಿನಲ್ಲಿರುವ ನೆಂಟರಿಗೆ ಫೋನ್ ಮಾಡಿ ಕೇಳಿ. ಅಲ್ಲಿ ನಡೆಯುತ್ತಿದ್ದರೆ ನಿಮ್ಮ ಕಚೇರಿಯ ಲೈನಿನದ್ದೇ ತೊಂದರೆ. ಅಲ್ಲೂ ಇಲ್ಲವಾದರೆ ಕೆಟ್ಟದ್ದು ಒಳಮನೆಯಲ್ಲಿ. ಕಾಯುವುದೇ, ಹೊರಡುವುದೇ ಅಂತ ತೀರ್ಮಾನಿಸಲು ಇಷ್ಟು ಸಾಕು.

ಒಳಮನೆ ಒಂದೇ ಆದದ್ದರ ನಷ್ಟವನ್ನೂ ಹೇಳಬೇಕು. ತಾಲೂಕಿಗೊಂದು ಸರ್ವರ್ ಇದ್ದಾಗ ಒಂದು ಕೆಟ್ಟರೆ ಒಂದು ತಾಲೂಕು ನಿಲ್ಲುತ್ತಿತ್ತು. ಈಗ ಒಂದು ಕೆಟ್ಟರೆ ರಾಜ್ಯವೇ ನಿಲ್ಲುತ್ತದೆ. 2023ರಲ್ಲಿ ಬಂದ 'ಕಾವೇರಿ 2.0' ಮೇಲೆ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಅಂಥ ದಾಳಿಯಾಯಿತು. ಯಾರೂ ಕಣಜದ ಬೀಗ ಒಡೆಯಲಿಲ್ಲ. ಸುಳ್ಳು ಖಾತೆಗಳಿಂದ ಲಕ್ಷಗಟ್ಟಲೆ ಕೋರಿಕೆಗಳನ್ನು ಒಂದೇ ಸಮನೆ ನುಗ್ಗಿಸಿ ನಡುಮನೆಯನ್ನು ಉಸಿರುಗಟ್ಟಿಸಿದರು. ನಿಜವಾದ ಅರ್ಜಿದಾರರಿಗೆ ಬಾಗಿಲೇ ಸಿಗಲಿಲ್ಲ. ಪೊಲೀಸರಿಗೆ ದೂರು ಹೋಯಿತು. ಅಷ್ಟರಲ್ಲಿ ಮುಹೂರ್ತ ನೋಡಿ ಕ್ರಯಕ್ಕೆ ದುಡ್ಡು ಹೊಂದಿಸಿಕೊಂಡು ಬಂದವರು ಆಫೀಸಿನ ಮೆಟ್ಟಿಲ ಮೇಲೆ ಕೂತು ಕಾದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಹಳೆಯದು, ಆಳದ್ದೂ ಹೌದು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ಭೂಮಿ ಯೋಜನೆ ಬಗ್ಗೆ ಒಂದು ಅಧ್ಯಯನ ಬರೆದರು. ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದಾಗ ಅಧಿಕಾರವೂ ಜೊತೆಗೆ ಮೇಲಕ್ಕೆ ಹೋಯಿತು ಅನ್ನುವುದು ಅವರ ವಾದ. ಲೆಕ್ಕಿಗನ ಬಳಿ ಹೋಗಿ ಜಗಳವಾಡಿಯೋ ಗೋಗರೆದೋ ಕೆಲಸ ಮಾಡಿಸಿಕೊಳ್ಳುತ್ತಿದ್ದ ಸಣ್ಣ ರೈತನಿಗೆ ತಾಲೂಕು ಕಚೇರಿ ದೂರವಾಯಿತು. ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಮಾತ್ರ ಒಂದೇ ಕಡೆ ಎಲ್ಲವೂ ಕಾಣುವುದು ಅನುಕೂಲವಾಯಿತು ಅಂದರು. ಇದನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಹಳೆಯ ಲೆಕ್ಕಿಗನ ಚೀಲವೂ ಬಡವನಿಗೆ ಅಷ್ಟೇನೂ ಹತ್ತಿರವಿರಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾಗದು. ನಿಯಮ ಸಾಫ್ಟ್‌ವೇರಿನೊಳಗೆ ಹೋದ ಮೇಲೆ ಅದನ್ನು ಬರೆಯುವವರು ಯಾರು, ತಿದ್ದುವವರು ಯಾರು ಅನ್ನುವುದು ಗ್ರಾಮಸಭೆಯಲ್ಲಿ ಚರ್ಚೆಗೆ ಬರುವುದಿಲ್ಲ. "ಸಿಸ್ಟಮ್ ತಗೊಳ್ತಿಲ್ಲ" ಅನ್ನುವ ಉತ್ತರದ ಮುಂದೆ ಜಗಳವಾಡಲು ಮುಖವೇ ಇಲ್ಲ.

ಅದಕ್ಕೆ ಒಳ್ಳೆಯ ಉದಾಹರಣೆ ಪಹಣಿಯ ಕಾಲಂ 3 ಮತ್ತು 9. ಮೂರರಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಒಂಬತ್ತರಲ್ಲಿ ಒಬ್ಬೊಬ್ಬ ಖಾತೆದಾರರ ಪಾಲು. ಪಾಲುಗಳನ್ನು ಕೂಡಿದರೆ ಒಟ್ಟಿಗೆ ಸಮ ಬರಬೇಕು. ಸಾವಿರಾರು ಪಹಣಿಗಳಲ್ಲಿ ಬರುವುದಿಲ್ಲ. ಕೈಬರಹದ ಪುಸ್ತಕದಲ್ಲಿದ್ದ ತಪ್ಪು, ಟೈಪು ಮಾಡುವಾಗ ಸೇರಿದ ತಪ್ಪು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು, ಎಲ್ಲವೂ ಹಾಗೆಯೇ ಕಂಪ್ಯೂಟರಿಗೆ ಹೋದವು. ಕಾಗದದ ಕಾಲದಲ್ಲಿ 2 ಗುಂಟೆ ವ್ಯತ್ಯಾಸವನ್ನು ಯಾರೂ ಕೂಡಿ ನೋಡುತ್ತಿರಲಿಲ್ಲ. ಯಂತ್ರ ಕೂಡಿ ನೋಡುತ್ತದೆ. ತಿದ್ದುಪಡಿ ಆಗುವವರೆಗೆ ಮುಂದಿನ ವ್ಯವಹಾರ ಕಷ್ಟ. ಇದನ್ನು ಸರಿಪಡಿಸಲು ಸರ್ಕಾರ ಆಂದೋಲನಗಳನ್ನೇ ನಡೆಸಬೇಕಾಯಿತು. ಕಣಜಕ್ಕೆ ಜೊಳ್ಳು ತುಂಬಿದ್ದರೆ ಮನೆ ಎಷ್ಟು ಅಂಕಣದ್ದಾದರೇನು? ನಿಮ್ಮ ಪಹಣಿ ಕೈಯಲ್ಲಿದ್ದರೆ ಇವತ್ತೇ ಈ 2 ಕಾಲಂ ಕೂಡಿ ನೋಡಿ. ವ್ಯತ್ಯಾಸವಿದ್ದರೆ ಜಮೀನು ಮಾರುವ ಅಥವಾ ಪಾಲಾಗುವ ತುರ್ತು ಬರುವ ಮೊದಲೇ ತಿದ್ದುಪಡಿಗೆ ಅರ್ಜಿ ಕೊಡಿ.

ಮತ್ತೆ ಕೈಯಲ್ಲೇ ನಡುಮನೆ

ಕತೆ ಮೂರಂಕಣಕ್ಕೇ ನಿಂತಿಲ್ಲ. ಇಡೀ ಒಳಮನೆಯನ್ನು ಕೇಂದ್ರಕ್ಕೆ ಸಾಗಿಸಿದ ಮೇಲೆ, ಈಗ ಸ್ವಲ್ಪ ಭಾಗ ವಾಪಸ್ ಹಳ್ಳಿಗೆ ಬರುತ್ತಿದೆ. ಬೆಳೆ ಸಮೀಕ್ಷೆ ಆ್ಯಪ್ ನೋಡಿ. ಊರಿನ ಹುಡುಗರು 'ಖಾಸಗಿ ನಿವಾಸಿ' ಅಂತ ಗುರುತಾಗಿ ಹೊಲ ಹೊಲ ತಿರುಗಿ ಬೆಳೆಯ ಫೋಟೋ ತೆಗೆಯುತ್ತಾರೆ. 2020ರಿಂದ ರೈತರೇ ತಮ್ಮ ಹೊಲದ ಬೆಳೆ ದಾಖಲಿಸಲು ಬೇರೆ ಆ್ಯಪ್ ಕೂಡ ಇದೆ.

ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ ಅಂತ ಇದನ್ನು ಮಾಡಿದವರಿಗೆ ಗೊತ್ತಿತ್ತು. ಹಾಗಾಗಿ ಖಾತೆದಾರರ ವಿವರ, ಊರಿನ ನಕ್ಷೆಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ನೀವು ನಿಂತಿರುವುದು ಯಾವ ಸರ್ವೆ ನಂಬರಿನ ಗಡಿಯೊಳಗೆ ಅಂತ ಜಿಪಿಎಸ್ ಹಿಡಿದು ಫೋನೇ ನೋಡಿಕೊಳ್ಳುತ್ತದೆ. ಜಗಲಿ, ಒಂದಿಷ್ಟು ನಡುಮನೆ, ಒಂದು ಸಣ್ಣ ಕಣಜ ಕೂಡ ಜೇಬಿನೊಳಗೆ. ಎರಡಂಕಣದ ಕಾಲದ ಬುದ್ಧಿಯುಳ್ಳ ಮೇಜಿನ ಕಂಪ್ಯೂಟರೇ ಬೇರೆ ವೇಷದಲ್ಲಿ ಬಂದ ಹಾಗೆ. ಅದರ ಹಳೆಯ ಕಾಯಿಲೆಯೂ ಜೊತೆಗೇ ಬಂದಿದೆ: ಹೊಸ ಹಂಗಾಮಿಗೆ ಹೊಸ ಆವೃತ್ತಿ ಹಾಕಿಕೊಳ್ಳದ ಫೋನಿನಲ್ಲಿ ಸಮೀಕ್ಷೆ ನಡೆಯುವುದಿಲ್ಲ.

ಇಲ್ಲಿ ನೆನಪಿಡಬೇಕಾದ್ದು ಅಪ್‌ಲೋಡ್. ಫೋಟೋ ತೆಗೆದದ್ದು ಫೋನಿನಲ್ಲಿ ಕೂತಿದ್ದರೆ ಅದು ಇನ್ನೂ ನಿಮ್ಮ ಜೇಬಿನ ಕಣಜದಲ್ಲಿದೆ, ಸರ್ಕಾರದ್ದರಲ್ಲಿ ಇಲ್ಲ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿ ಪರಿಹಾರದ ಹೊತ್ತಿಗೆ ನೋಡುವುದು ಸರ್ಕಾರದ ಕಣಜವನ್ನು. ತೊಗರಿ ಬಿತ್ತಿದ ಹೊಲಕ್ಕೆ ಪಹಣಿಯಲ್ಲಿ ಹತ್ತಿ ಅಂತಲೋ, ಬೀಳು ಅಂತಲೋ ಇದ್ದರೆ ಆಗ ಹೇಳಿ ಪ್ರಯೋಜನವಿಲ್ಲ. 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಯಾವ ಬೆಳೆ ದಾಖಲಾಗಿದೆ, ಯಾವ ಫೋಟೋ ಹೋಗಿದೆ ಅಂತ ಕಾಣುತ್ತದೆ. ತಪ್ಪಿದ್ದರೆ ಆಕ್ಷೇಪಣೆ ಹಾಕಲು ಅಲ್ಲೇ ಜಾಗವಿದೆ, ಆದರೆ ಅದಕ್ಕೆ ಹಂಗಾಮಿಗೊಂದು ಕೊನೆಯ ದಿನವೂ ಇರುತ್ತದೆ. ದಿನ ಯಾವುದು ಅಂತ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.